ಯುರೋಪ್ ತಂಡದ 1983ರ ಮೊದಲ ಗ್ರಾಮಫೋನ್ ತಟ್ಟೆ: ಇದು ಮೂಲ ಮುದ್ರಣವೇ? ಇದನ್ನು ಹೇಗೆ ಕೇಳಬೇಕು?

ಪ್ರಶ್ನೆ: ಸೋದರಳಿಯ, ಮೈಸೂರು

ಮಾನ್ಯರೇ,

ಸರಸ್ವತೀಪುರಂನಲ್ಲಿದ್ದ ನಮ್ಮ ಸೋದರಮಾವನವರ ಮನೆಯನ್ನು ಈಚೆಗೆ ಖಾಲಿ ಮಾಡಬೇಕಾಗಿ ಬಂತು. 1980ರ ದಶಕದಲ್ಲಿ ಸರಕಿನ ಹಡಗೊಂದರಲ್ಲಿ ಎಂಜಿನಿಯರ್ ಆಗಿದ್ದ ಅವರು, ಬಂದರಿನಿಂದ ಬಂದರಿಗೆ ತಿರುಗುತ್ತಿದ್ದ ಕಾಲದಲ್ಲಿ ಕೊಂಡು ತಂದ ಎಲ್‌ಪಿ ತಟ್ಟೆಗಳನ್ನೆಲ್ಲ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳನ್ನು ಜೋಡಿಸಿದ ಹಾಗೆ, ಒಂದರ ಮೇಲೊಂದು ಮಲಗಿಸಿಟ್ಟಿದ್ದರು. ಹಳೇ ಪೇಪರ್‌ನವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದಾಗ ಅತ್ತೆಯವರು ಅವನ್ನೂ ರದ್ದಿಯ ಜೊತೆಗೇ ಹೊರಗಿಡುವುದರಲ್ಲಿದ್ದರು. ನಾನು ತಡೆದು, ನಲವತ್ತರಷ್ಟು ತಟ್ಟೆಗಳನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ.

ಅವುಗಳಲ್ಲಿ ಒಂದರ ಮೇಲೆ ‘ಯುರೋಪ್’ ಎಂಬ ಒಂದೇ ಹೆಸರಿದೆ. ತಟ್ಟೆಯ ನಡುವಣ ಚೀಟಿಯಲ್ಲಿ ಹಾಟ್ ರೆಕಾರ್ಡ್ಸ್ ಎಂದೂ 1983 ಎಂದೂ ಇದೆ. ಹಿಂಬದಿಯ ರಟ್ಟಿನ ಮೂಲೆಯಲ್ಲಿ ಮಾವನವರು ನೀಲಿ ಶಾಯಿಯಲ್ಲಿ ‘ಗೋಥೆನ್‌ಬರ್ಗ್, ಜೂನ್ 1984’ ಎಂದು ಬರೆದಿದ್ದಾರೆ. ಇದು ಯುರೋಪಿನ ಬೇರೆ ಬೇರೆ ಗಾಯಕರ ಹಾಡುಗಳನ್ನು ಒಟ್ಟುಗೂಡಿಸಿದ ಸಂಕಲನವಿರಬೇಕು ಎಂಬುದು ನನ್ನ ತಮ್ಮನ ವಾದ. ನನಗೆ ಮಾತ್ರ, ‘ದಿ ಫೈನಲ್ ಕೌಂಟ್‌ಡೌನ್’ ಹಾಡಿದ ತಂಡವೇ ಇದಿರಬಹುದೇ ಎಂಬ ಅನುಮಾನ. ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಬಹುಮಾನ ಹಂಚುವ ಮೊದಲು ಧ್ವನಿವರ್ಧಕದಲ್ಲಿ ತಪ್ಪದೆ ಮೊಳಗುತ್ತಿದ್ದ, ಕಹಳೆಯಂಥ ಆ ಕೀಬೋರ್ಡ್ ರಾಗವನ್ನು ಮರೆಯುವುದು ಸಾಧ್ಯವೇ ಇಲ್ಲ. ಆದರೆ ಈ ತಟ್ಟೆಯ ಹಾಡುಗಳ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಇದು ಅದೇ ತಂಡದ್ದೇ ಆಗಿದ್ದರೆ, ಇದು ಮೊದಲ ಮುದ್ರಣವೇ ಅಥವಾ ಹೆಸರು ಬಂದ ಮೇಲೆ ಮತ್ತೆ ಅಚ್ಚು ಹಾಕಿದ್ದೇ ಎಂದು ತಿಳಿಯುವ ಬಗೆ ಯಾವುದು? ಮಾರುವ ಯೋಚನೆ ನನಗಿಲ್ಲ. ಮನೆಯಲ್ಲಿರುವ ರೆಕಾರ್ಡ್ ಪ್ಲೇಯರಿನ ಬೆಲ್ಟ್ ಸಡಿಲಗೊಂಡಿರುವುದರಿಂದ ಇನ್ನೂ ಕೇಳಿಲ್ಲ. ಕೇಳುವ ಮುನ್ನ, ಏನನ್ನು ಕೇಳಲು ಹೊರಟಿದ್ದೇನೆ ಎಂಬುದನ್ನು ಬಲ್ಲವರಿಂದ ತಿಳಿಯುವ ಆಸೆ.

ಉತ್ತರ: ಹಳೇ ಮುಳ್ಳು, ಕುವೆಂಪುನಗರ

ನಿಮ್ಮ ಅನುಮಾನವೇ ಸರಿ, ನಿಮ್ಮ ತಮ್ಮನವರದು ತಪ್ಪು. ಇದು ಸಂಕಲನವಲ್ಲ, ಯುರೋಪ್ ಎಂಬ ಸ್ವೀಡನ್ನಿನ ರಾಕ್ ತಂಡವು ತನ್ನದೇ ಹೆಸರಿನಲ್ಲಿ ಹೊರತಂದ ಮೊದಲ ತಟ್ಟೆ. ಆ ಹೆಸರಿಗೂ ಭೂಖಂಡದ ಅಭಿಮಾನಕ್ಕೂ ಅಂಥ ಸಂಬಂಧವಿಲ್ಲ. ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ರಾಕ್ ತಂಡದ ‘ಮೇಡ್ ಇನ್ ಯುರೋಪ್’ ಎಂಬ ಕಛೇರಿ ತಟ್ಟೆಯಿಂದ ಈ ಹುಡುಗರು ಅದನ್ನು ಎತ್ತಿಕೊಂಡರು.

ಸ್ಟಾಕ್‌ಹೋಮ್‌ಗೆ ಉತ್ತರದಲ್ಲಿ, ಮೈಸೂರಿಗೆ ನಂಜನಗೂಡು ಇರುವಷ್ಟೇ ಸುಮಾರು ದೂರದಲ್ಲಿ, ಉಪ್‌ಲಾಂಡ್ಸ್ ವೇಸ್ಬಿ ಎಂಬ ಊರಿದೆ. ಅಲ್ಲಿ 1979ರಲ್ಲಿ ‘ಫೋರ್ಸ್’ ಎಂಬ ಹೆಸರಿನಲ್ಲಿ ಈ ತಂಡ ಹುಟ್ಟಿತು. ಗಾಯಕ ಜೋಯಿ ಟೆಂಪೆಸ್ಟ್‌ನ ನಿಜನಾಮ ಯೋಕಿಮ್ ಲಾರ್ಸನ್. ಗಿಟಾರಿನ ಜಾನ್ ನೋರುಮ್ ಹುಟ್ಟಿದ್ದು ನಾರ್ವೆಯಲ್ಲಿ, ಬೆಳೆದದ್ದು ಇದೇ ಊರಿನಲ್ಲಿ. ಅವರು ಡೆಮೊ ಕ್ಯಾಸೆಟ್ ಮಾಡಿ ಕಂಪನಿಗಳಿಗೆ ಕಳುಹಿಸುತ್ತ ಹೋದರು. ಬಂದ ಉತ್ತರವೆಂದರೆ, ಕೂದಲು ಕತ್ತರಿಸಿಕೊಳ್ಳಿ ಮತ್ತು ಸ್ವೀಡಿಷ್ ಭಾಷೆಯಲ್ಲಿ ಹಾಡಿ, ಆಮೇಲೆ ನೋಡೋಣ ಎಂಬುದು. ಹುಡುಗರು ಎರಡಕ್ಕೂ ಒಪ್ಪಲಿಲ್ಲ.

ಬಾಗಿಲು ತೆರೆದದ್ದು ಬೇರೆ ದಿಕ್ಕಿನಿಂದ. 1982ರಲ್ಲಿ ಸ್ವೀಡನ್ನಿನಲ್ಲಿ ‘ರಾಕ್-ಎಸ್‌ಎಮ್’ ಎಂಬ ಸ್ಪರ್ಧೆ ನಡೆಯಿತು. ಎಸ್‌ಎಮ್ ಎಂದರೆ ಆ ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್. ಕ್ರೀಡೆಗಳಿಗೆ ಬಳಸುವ ಹೆಸರನ್ನೇ ರಾಕ್ ಸಂಗೀತಕ್ಕೂ ಇಟ್ಟಿದ್ದರು. ಟೆಂಪೆಸ್ಟ್‌ನ ಗೆಳತಿ, ತಂಡದವರಿಗೆ ತಿಳಿಸದೆಯೇ ಅವರ ಹೆಸರನ್ನು ಸ್ಪರ್ಧೆಗೆ ಸೇರಿಸಿದಳು. ಸುಮಾರು 4000 ತಂಡಗಳ ನಡುವೆ ಇವರು ಗೆದ್ದರು. ಅತ್ಯುತ್ತಮ ಗಾಯಕ ಟೆಂಪೆಸ್ಟ್, ಅತ್ಯುತ್ತಮ ಗಿಟಾರ್ ವಾದಕ ನೋರುಮ್ ಎಂದು ಬಿಡಿ ಬಹುಮಾನಗಳೂ ಬಂದವು. ಗೆದ್ದವರಿಗೆ ಸಿಗುತ್ತಿದ್ದ ಬಹುಮಾನವೇ ಹಾಟ್ ರೆಕಾರ್ಡ್ಸ್ ಕಂಪನಿಯ ಜೊತೆಗೆ ತಟ್ಟೆ ತರುವ ಒಪ್ಪಂದ. ನಿಮ್ಮ ಕೈಯಲ್ಲಿರುವ ತಟ್ಟೆ ಆ ಬಹುಮಾನದ ಫಲ. ನಮ್ಮ ದಸರಾ ಸಮಯದಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದ ಯುವ ಸಂಭ್ರಮದಲ್ಲಿ ಕುಣಿದು ಹಾಡುವ ಕಾಲೇಜು ತಂಡವೊಂದಕ್ಕೆ ಫಲಕ, ಪ್ರಮಾಣಪತ್ರಗಳ ಬದಲು ಒಂದು ಇಡೀ ಎಲ್‌ಪಿ ಕೈಗೆ ಬಂದಿದ್ದರೆ ಹೇಗಿರುತ್ತಿತ್ತೋ, ಇದು ಹಾಗೆ.

ತಟ್ಟೆಯಲ್ಲಿ ಒಂಬತ್ತು ರಚನೆಗಳಿವೆ. ಸ್ಪರ್ಧೆಯನ್ನು ಗೆಲ್ಲಿಸಿಕೊಟ್ಟ ಎರಡು ಹಾಡುಗಳೂ ಮೊದಲ ಮುಖದಲ್ಲೇ ಇವೆ. ಆರಂಭದಲ್ಲಿ ‘ಇನ್ ದಿ ಫ್ಯೂಚರ್ ಟು ಕಮ್’, ಕೊನೆಯಲ್ಲಿ ‘ದಿ ಕಿಂಗ್ ವಿಲ್ ರಿಟರ್ನ್’. ಮುಳ್ಳನ್ನು ಅಂಚಿನಲ್ಲಿ ಇಟ್ಟ ಕೂಡಲೇ ಕೇಳುವುದು, ನಾಲ್ಕು ಸಾವಿರ ತಂಡಗಳನ್ನು ಹಿಂದಿಕ್ಕಿದ ಹಾಡು ಎಂಬುದನ್ನು ನೆನಪಿನಲ್ಲಿಟ್ಟು ಕೇಳಿ. ಇವೆರಡರ ನಡುವೆ ಬರುವ ‘ಸೆವೆನ್ ಡೋರ್ಸ್ ಹೋಟೆಲ್’ಗೆ ಪ್ರೇರಣೆ ಇಟಲಿಯ ನಿರ್ದೇಶಕ ಲೂಚಿಯೊ ಫುಲ್ಚಿ 1981ರಲ್ಲಿ ತೆಗೆದ ಭಯಾನಕ ಚಿತ್ರ. ಜಪಾನಿನಲ್ಲಿ ಈ ಹಾಡು ಮೊದಲ ಹತ್ತರೊಳಗೆ ಬಂದಿತು; ಸ್ವೀಡನ್ನಿನಲ್ಲಿ ತಟ್ಟೆಯು ಎಂಟನೆಯ ಸ್ಥಾನದವರೆಗೆ ಏರಿತು. ಹೊರಜಗತ್ತಿನ ಬಹುಪಾಲು ಜನ ಈ ತಂಡದ ಹೆಸರು ಕೇಳಲು ಇನ್ನೂ ಮೂರು ವರ್ಷ ಕಾಯಬೇಕಾಗಿತ್ತು.

ಮೂಲ ಮುದ್ರಣದ ವಿಚಾರಕ್ಕೆ ಬರುತ್ತೇನೆ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಕೊನೆಯ ಹಾಡಿನ ಗೆರೆಗಳು ಮುಗಿದು ಚೀಟಿ ಆರಂಭವಾಗುವ ನುಣುಪಾದ ಜಾಗದಲ್ಲಿ ಸಣ್ಣ ಅಕ್ಷರ, ಅಂಕಿಗಳನ್ನು ಕೊರೆದಿರುವುದು ಕಾಣುತ್ತದೆ. ಅದು ಅಚ್ಚಿನ ಗುರುತು. ಚೀಟಿಯನ್ನೂ ರಟ್ಟನ್ನೂ ನಕಲು ಮಾಡಬಹುದು, ಮರುಮುದ್ರಣದಲ್ಲಿ ಹಳೆಯ ಇಸವಿಯನ್ನೇ ಉಳಿಸಿಕೊಳ್ಳಬಹುದು. ಈ ಕೊರೆತವು ಸಾಮಾನ್ಯವಾಗಿ ಅಚ್ಚಿನಿಂದ ಅಚ್ಚಿಗೆ ಬೇರೆಯಾಗುತ್ತದೆ. ಎರಡೂ ಮುಖದ ಗುರುತುಗಳನ್ನು ಬರೆದುಕೊಂಡು, ಮೊದಲ ಮುದ್ರಣವೆಂದು ಖಚಿತವಾಗಿರುವ ಪ್ರತಿಯ ಗುರುತುಗಳೊಡನೆ ಹೋಲಿಸಿ ನೋಡಿ. ಆದರೆ ನಿಮ್ಮ ವಿಷಯದಲ್ಲಿ ಇಷ್ಟು ಶ್ರಮವೇ ಬೇಡವೇನೋ. ಈ ತಂಡಕ್ಕೆ ಲೋಕಪ್ರಸಿದ್ಧಿ ಬಂದದ್ದು 1986ರಲ್ಲಿ. ಮಾವನವರು ತಟ್ಟೆಯನ್ನು ಕೊಂಡದ್ದು 1984ರಲ್ಲಿ. ಹೆಸರು ಬಂದ ಮೇಲಿನ ಮರುಮುದ್ರಣವನ್ನು ಹೆಸರು ಬರುವ ಮೊದಲೇ ಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಆ ನೀಲಿ ಶಾಯಿಯೇ ನಿಮ್ಮ ದಾಖಲೆ.

ಇನ್ನೊಂದು ಮಾತು. ತಟ್ಟೆಗಳನ್ನು ದಯವಿಟ್ಟು ಮಲಗಿಸಿ ಇಡಬೇಡಿ. ಮೇಲಿನ ಭಾರಕ್ಕೆ ಕೆಳಗಿನವು ಬಾಗುತ್ತವೆ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು.

ಉತ್ತರ: ಮಂಡ್ಯದ ಗಿಟಾರು

ಹಿರಿಯರು ಇತಿಹಾಸವನ್ನು ಚೆನ್ನಾಗಿ ಹೇಳಿದ್ದಾರೆ. ಹೇಗೆ ಕೇಳಬೇಕು ಎಂಬ ಪ್ರಶ್ನೆ ಉಳಿದಿದೆ, ಅದಕ್ಕೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ.

ಕ್ರೀಡಾಕೂಟದ ಆ ಕಹಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ನಿಮಗೆ ನಿರಾಶೆಯೇ. ಇದು ಗಿಟಾರಿನ ತಟ್ಟೆ. ಆಗ ತಂಡದಲ್ಲಿದ್ದವರು ನಾಲ್ವರು: ಟೆಂಪೆಸ್ಟ್, ನೋರುಮ್, ಬೇಸ್ ಗಿಟಾರಿಗೆ ಜಾನ್ ಲೆವೆನ್, ಡ್ರಮ್ಸಿಗೆ ಟೋನಿ ರೆನೊ. ಕೀಬೋರ್ಡಿಗೆಂದು ಪ್ರತ್ಯೇಕ ವಾದಕನಿರಲಿಲ್ಲ. ಬೇಕಾದಲ್ಲಿ ಗಾಯಕನೇ ನುಡಿಸಿದ್ದಾನೆ. ಮಿಕ್ ಮಿಕೇಲಿ ಕೀಬೋರ್ಡಿಗೆ, ಇಯಾನ್ ಹಾಗ್‌ಲಂಡ್ ಡ್ರಮ್ಸಿಗೆ ಬಂದು ಸೇರಿದ್ದು 1984ರಲ್ಲಿ. ತಟ್ಟೆ ಹೊರಬಂದಾಗ ಹುಡುಗರಿಗೆ ಹತ್ತೊಂಬತ್ತರ ಆಸುಪಾಸು. ಪದಗಳಲ್ಲಿ ಆ ವಯಸ್ಸು ಕಾಣುತ್ತದೆ. ರಾಜ ಮರಳಿ ಬರುತ್ತಾನೆ, ಭವಿಷ್ಯ ಎದುರಾಗುತ್ತದೆ, ಎಲ್ಲವೂ ಸ್ವಲ್ಪ ದೊಡ್ಡ ದನಿಯಲ್ಲೇ. ಧ್ವನಿಮುದ್ರಣವೂ ತೆಳು; ಡ್ರಮ್ಸಿನ ಪೆಟ್ಟು ಪಕ್ಕದ ಮನೆಯಿಂದ ಕೇಳಿದಂತಿದೆ. ಆದರೆ ನೋರುಮ್‌ನ ಬೆರಳುಗಳಿಗೆ ಮಾತ್ರ ಹತ್ತೊಂಬತ್ತು ವಯಸ್ಸಲ್ಲ. ಎರಡನೆಯ ಮುಖದ ಮೊದಲಲ್ಲಿ ‘ಬೊಯಾಜಾಂಟ್’ ಎಂಬ, ಪದಗಳೇ ಇಲ್ಲದ ರಚನೆಯೊಂದಿದೆ. ಸ್ವೀಡನ್ನಿನ ಎಡ್ಡಿ ಮೆದೂಸಾ ಎಂಬ ಸಂಗೀತಗಾರನ ಜೊತೆಗೂಡಿ ನೋರುಮ್ ಅದನ್ನು ರಚಿಸಿದ್ದಾನೆ. ನಾನು ಮಂಡ್ಯದಲ್ಲಿ ಗಿಟಾರ್ ಕಲಿಸುತ್ತೇನೆ. ಹುಡುಗರು ವೇಗವೊಂದೇ ಸಾಧನೆ ಎಂದು ಹೊರಟಾಗ ಇದನ್ನು ಕೇಳಿಸುತ್ತೇನೆ: ಎಲ್ಲಿ ಓಡಬೇಕು, ಎಲ್ಲಿ ಒಂದೇ ಸ್ವರವನ್ನು ಎಳೆದು ನಿಲ್ಲಿಸಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಇನ್ನು ಆ ಪ್ರಸಿದ್ಧ ಕೀಬೋರ್ಡ್ ರಾಗದ ವಿಷಯ. ಅದು 1986ರಲ್ಲಿ ಹುಟ್ಟಿದ್ದಲ್ಲ. ಟೆಂಪೆಸ್ಟ್ ಅದನ್ನು 1981-82ರ ಸುಮಾರಿಗೆ, ಮಿಕೇಲಿಯಿಂದ ಎರವಲು ತಂದ ಕೋರ್ಗ್ ಪಾಲಿಸಿಕ್ಸ್ ಕೀಬೋರ್ಡಿನಲ್ಲಿ ಕಟ್ಟಿದ. ಅಂದರೆ ನಿಮ್ಮ ಕೈಯಲ್ಲಿರುವ ತಟ್ಟೆಗೆ ಹಾಡುಗಳನ್ನು ಆರಿಸುವಾಗ, ಮುಂದೆ ಜಗತ್ತೆಲ್ಲ ಗುನುಗಲಿದ್ದ ರಾಗ ಅವನ ಬಳಿ ಆಗಲೇ ಇತ್ತು. ಅದು ಹಾಡಿನ ರೂಪ ಪಡೆದಿರಲಿಲ್ಲ, ಅದನ್ನು ನುಡಿಸುವವನೂ ತಂಡದೊಳಗಿರಲಿಲ್ಲ. 1985ರಲ್ಲಿ ಲೆವೆನ್ ಒತ್ತಾಯಿಸಿದ ಮೇಲೆ ಅದನ್ನು ಹಾಡಾಗಿ ಬೆಳೆಸಿದರು. ಆಗಲೂ ಕಛೇರಿಯ ಆರಂಭಕ್ಕೊಂದು ಗತ್ತು ಬರಲಿ ಎಂಬುದಷ್ಟೇ ಉದ್ದೇಶ. ಹಾಗೆ ಬಂದ ಹಾಡು ಇಪ್ಪತ್ತೈದು ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡು ಹೊರಬಂದ 1986ರ ಕೊನೆಗೆ ನೋರುಮ್ ತಂಡ ಬಿಟ್ಟ; ಕೀಬೋರ್ಡಿನ ಅಬ್ಬರದಲ್ಲಿ ಗಿಟಾರು ಹಿಂದೆ ಸರಿಯಿತು ಎಂಬ ಅಸಮಾಧಾನ ಅವನಿಗಿತ್ತು. ಅವನ ಆ ಅಸಮಾಧಾನ ಏನು ಎಂದು ತಿಳಿಯಬೇಕಿದ್ದರೆ 1983ರ ಈ ತಟ್ಟೆಯನ್ನೇ ಕೇಳಬೇಕು. ಅವನು ಕಳೆದುಕೊಂಡದ್ದು ಇದರಲ್ಲಿದೆ. ಮುಂದೆ 2003ರಲ್ಲಿ ತಂಡ ಮತ್ತೆ ಒಟ್ಟುಗೂಡಿದಾಗ ಅವನೂ ಮರಳಿದ ಎಂಬುದನ್ನು ಸಮಾಧಾನಕ್ಕಾಗಿ ಹೇಳಿಬಿಡುತ್ತೇನೆ.

ಸ್ವೀಡಿಷ್‌ನಲ್ಲಿ ಹಾಡಿ ಎಂದ ಕಂಪನಿಗಳ ವಿಚಾರದಲ್ಲಿ ನನಗೊಂದು ಇಕ್ಕಟ್ಟಿದೆ. ನಮ್ಮ ಹುಡುಗರು ಗಿಟಾರ್ ಹಿಡಿದ ತಕ್ಷಣ ಇಂಗ್ಲಿಷಿಗೆ ಓಡುವುದನ್ನು ಕಂಡು ‘ಕನ್ನಡದಲ್ಲಿ ಹಾಡ್ರಪ್ಪ’ ಎಂದು ಗದರುವವರಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ತ್ವಪದಗಳನ್ನು ಹೊರದೇಶದ ವೇದಿಕೆಗಳಿಗೆ ಕೊಂಡೊಯ್ದುದನ್ನು ಉದಾಹರಿಸಿ ಪಾಠ ಹೇಳುತ್ತೇನೆ. ಇಲ್ಲಿ ನೋಡಿದರೆ ನನ್ನ ಮಾತನ್ನೇ ಆಡಿದವರು ಕಂಪನಿಯ ಯಜಮಾನರು, ಒಪ್ಪದೆ ಗೆದ್ದವರು ಹುಡುಗರು. ಆದರೂ ಒಂದು ವ್ಯತ್ಯಾಸವಿದೆ. ಆ ಯಜಮಾನರು ಕೇಳಿದ್ದು ಭಾಷೆಯ ಮೇಲಿನ ಪ್ರೀತಿಗಲ್ಲ, ಊರೊಳಗಿನ ಮಾರಾಟಕ್ಕೆ. ಇಲ್ಲದಿದ್ದರೆ ಅದೇ ಉಸಿರಿನಲ್ಲಿ ಕೂದಲು ಕತ್ತರಿಸಿ ಎನ್ನುತ್ತಿರಲಿಲ್ಲ.

ಉತ್ತರ: ಜಯಲಕ್ಷ್ಮೀಪುರಂ ಓದುಗ

ರಾಕ್ ಸಂಗೀತದಲ್ಲಿ ನನ್ನ ತಿಳಿವಳಿಕೆ ಕಡಿಮೆ. ಆದರೆ ಬಹುಮಾನದಿಂದ ತಟ್ಟೆ ಹುಟ್ಟಿದ ಸಂಗತಿಯನ್ನು ಓದಿದಾಗ ನಮ್ಮ ಊರಿನದೇ ಒಂದು ಪ್ರಸಂಗ ನೆನಪಾಯಿತು. ರಷ್ಯದ ಪಿಯಾನೊ ವಾದಕ ಹಾಗೂ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಅವರ ರಚನೆಗಳನ್ನು ಅವರಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಹಿಡಿದಿಡುವ ವೆಚ್ಚವನ್ನು ಭರಿಸಿದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಕಂಪನಿಯು ತಾನಾಗಿ ದುಡ್ಡು ಹಾಕದ ಕಡೆ ಬೇರೊಂದು ಕೈ ಬರಬೇಕಾಗುತ್ತದೆ. 1940ರ ದಶಕದಲ್ಲಿ ಅದು ಅರಮನೆಯ ಕೈ, 1982ರ ಸ್ವೀಡನ್ನಿನಲ್ಲಿ ಸ್ಪರ್ಧೆಯೊಂದರ ಕೈ. ಆ ಗೆಳತಿ ಅರ್ಜಿ ಹಾಕದೆ ಇದ್ದಿದ್ದರೆ ನಿಮ್ಮ ಮಾವನವರು ಗೋಥೆನ್‌ಬರ್ಗಿನಲ್ಲಿ ಬೇರೆ ಯಾವುದೋ ತಟ್ಟೆಯನ್ನು ಕೊಳ್ಳುತ್ತಿದ್ದರು.

ಶುಚಿ ಮಾಡುವ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಒಂದು ಸೂಚನೆ. ಎಲ್‌ಪಿ ತಟ್ಟೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸಾಕು. ಮೆತ್ತನೆಯ ಬಟ್ಟೆಯನ್ನು ಅದ್ದಿ, ಗೆರೆಗಳು ಸಾಗುವ ದಿಕ್ಕಿನಲ್ಲೇ ಒರೆಸಿ, ಚೀಟಿಗೆ ನೀರು ತಾಗದಂತೆ ನೋಡಿಕೊಳ್ಳಿ. ನಲ್ಲಿಯ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಬೀರುವಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳೂ ಇದ್ದರೆ ಅವಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ; ಅವು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆ. ಅರಗಿನ ಈ ಗುಣವನ್ನು ನಮ್ಮ ಮನೆಯ ಒಂದು ಒಳ್ಳೆಯ ವೀಣೆ ತಟ್ಟೆಯನ್ನು ಬಲಿ ಕೊಟ್ಟು ಕಲಿತವನು ನಾನು.

ಉತ್ತರ: ತಟ್ಟೆ ಸಂಗ್ರಾಹಕ, ಶ್ರೀರಂಗಪಟ್ಟಣ

ಕೈಬರಹವೇ ದಾಖಲೆ ಎಂಬ ಮಾತು ಮನೆಯವರಿಗೆ ಸರಿ, ಸಂತೆಗೆ ಸಲ್ಲದು. ಕೊಳ್ಳುವವನು ಮಾವನವರ ಶಾಯಿಯನ್ನು ನಂಬುವುದಿಲ್ಲ. ಅದರ ಮೇಲೆ, ರಟ್ಟಿನ ಮೇಲೆ ಬರೆದಿದೆ ಎಂಬ ಕಾರಣಕ್ಕೇ ಬೆಲೆಯನ್ನು ಇಳಿಸುತ್ತಾನೆ. ಆದ್ದರಿಂದ ಕೊರೆತದ ಗುರುತುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇದೇ ತಟ್ಟೆಯ ಜಪಾನ್ ಮುದ್ರಣದಲ್ಲಿ ರಟ್ಟಿನ ಒಂದು ಅಂಚಿಗೆ ಕಾಗದದ ಪಟ್ಟಿಯನ್ನು ಸುತ್ತಿರುತ್ತಾರೆ. ಜಪಾನಿಯರು ಅದನ್ನು ‘ಓಬಿ’ ಎನ್ನುತ್ತಾರೆ, ಕಿಮೋನೊದ ಸೊಂಟಪಟ್ಟಿಯ ಹೆಸರು ಅದು. ಪಟ್ಟಿ ಉಳಿದಿರುವ ಪ್ರತಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ.

ಮಂಡ್ಯದ ಮಿತ್ರರ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ‘ಕಳೆದುಕೊಂಡದ್ದು’ ಎಂದರೆ ಮೊದಲ ತಟ್ಟೆಯಲ್ಲಿ ತಂಡಕ್ಕೆ ತನ್ನದೇ ಆದ ದನಿ ಇತ್ತು ಎಂದಾಗುತ್ತದೆ. ನನ್ನ ಕಿವಿಗೆ ಅದರಲ್ಲಿ ಅರ್ಧ ಡೀಪ್ ಪರ್ಪಲ್, ಕಾಲು ಐರ್ಲೆಂಡಿನ ಥಿನ್ ಲಿಜ್ಜಿ ತಂಡ ಕೇಳುತ್ತದೆ. ಉಳಿದ ಕಾಲು ಮಾತ್ರ ಈ ಹುಡುಗರದು. 1984ರ ಎರಡನೆಯ ತಟ್ಟೆ ‘ವಿಂಗ್ಸ್ ಆಫ್ ಟುಮಾರೊ’ದಲ್ಲಿ ಅವರು ತಮ್ಮ ಕಾಲ ಮೇಲೆ ನಿಂತರು. ಅದರಲ್ಲಿನ ‘ಓಪನ್ ಯುವರ್ ಹಾರ್ಟ್’ ಹಾಡನ್ನು 1988ರಲ್ಲಿ ಮತ್ತೊಮ್ಮೆ ಮುದ್ರಿಸಿಕೊಂಡರು ಎಂದರೆ ಅದರ ಮೇಲೆ ಅವರಿಗೇ ಎಷ್ಟು ಭರವಸೆಯಿತ್ತು ನೋಡಿ.

ಉತ್ತರ: ಮಂಡ್ಯದ ಗಿಟಾರು

ಆ ಕಾಲು ಭಾಗಕ್ಕಾಗಿಯೇ ನಾನು ಅದನ್ನು ಕೇಳುವುದು, ಸ್ವಾಮಿ. ಮೂರು ಭಾಗ ಸಾಲ ಮಾಡದೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರು ತಾನೇ ಮನೆ ಕಟ್ಟುತ್ತಾರೆ?

ಪ್ರಶ್ನಿಸಿದವರ ಮರುನುಡಿ: ಸೋದರಳಿಯ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಬೆಲ್ಟ್ ಬದಲಾಯಿಸಿ, ಹೇಳಿದ ರೀತಿಯಲ್ಲೇ ತಟ್ಟೆಯನ್ನು ಒರೆಸಿ, ಭಾನುವಾರ ಸಂಜೆ ಹಾಕಿದೆವು. ಅತ್ತೆಯವರನ್ನೂ ಕರೆದಿದ್ದೆ. ಮೊದಲ ಮುಖ ಮುಗಿಯುವವರೆಗೆ ಅವರು ಅವರೆಕಾಳು ಬಿಡಿಸುತ್ತ, ಈ ಗಲಾಟೆಗೆ ಇಷ್ಟು ಶುಶ್ರೂಷೆಯೇ ಎಂಬಂತೆ ಕುಳಿತಿದ್ದರು. ತಮ್ಮನಿಗೆ ‘ಸೆವೆನ್ ಡೋರ್ಸ್ ಹೋಟೆಲ್’ ಹಿಡಿಸಿತು. ಸಂಕಲನದ ವಾದವನ್ನು ಕೈಬಿಟ್ಟಿದ್ದಾನೆ. ನನಗೆ ದನಿಯ ಗುರುತು ತಕ್ಷಣ ಸಿಕ್ಕಿತು. ಕ್ರೀಡಾಕೂಟದಲ್ಲಿ ಕೇಳಿದ ಅದೇ ಕಂಠ, ಆದರೆ ಇಲ್ಲಿ ಇನ್ನೂ ಸ್ವಲ್ಪ ಹಸಿಯಾಗಿದೆ, ಮೇಲಿನ ಸ್ವರಗಳಿಗೆ ಹಾರುವಾಗ ಅಂಜಿಕೆಯಿಲ್ಲ. ಡ್ರಮ್ಸ್ ಪಕ್ಕದ ಮನೆಯಲ್ಲಿದೆ ಎಂಬುದು ನಿಜ.

ತಟ್ಟೆಯನ್ನು ತಿರುಗಿಸಿ ‘ಬೊಯಾಜಾಂಟ್’ ಆರಂಭವಾದಾಗ ಅತ್ತೆಯವರ ಕೈ ನಿಂತಿತು. ಮಾವನವರು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಶಿಳ್ಳೆಯಲ್ಲಿ ನುಡಿಸುತ್ತಿದ್ದುದು ಇದನ್ನೇ ಎಂದರು. ಅದು ಯಾವುದೋ ಸಿನಿಮಾ ಹಾಡು, ಸಾಹಿತ್ಯ ಮರೆತಿರಬೇಕು ಎಂದುಕೊಂಡು, ‘ಪದ ಬರದಿದ್ದ ಮೇಲೆ ಯಾಕೆ ಹಾಡ್ತೀರಿ’ ಎಂದು ಎಷ್ಟೋ ಸಲ ಗದರಿದ್ದರಂತೆ.

ಎರಡು ಮುಖದ ಗುರುತುಗಳನ್ನೂ ಬರೆದಿಟ್ಟಿದ್ದೇನೆ. ತಟ್ಟೆಗಳನ್ನು ನಿಲ್ಲಿಸಿಡಲು ಒಂದು ಮರದ ಗೂಡು ಮಾಡಿಸುತ್ತಿದ್ದೇನೆ. ಒಳ ಎತ್ತರ ಹದಿಮೂರು ಅಂಗುಲ ಸಾಕೇ ಎಂದು ಬಡಗಿ ಕೇಳುತ್ತಿದ್ದಾನೆ.

ಉತ್ತರ: ಹಳೇ ಮುಳ್ಳು, ಕುವೆಂಪುನಗರ

ರಟ್ಟಿನ ಎತ್ತರವೇ ಹನ್ನೆರಡೂವರೆ ಅಂಗುಲದ ಹತ್ತಿರ ಬರುತ್ತದೆ; ಬೆರಳು ಆಡಲು ಜಾಗ ಬೇಕು. ಹದಿನಾಲ್ಕು ಮಾಡಿಸಿ. ಪ್ರತಿ ಅಡಿಗೊಂದು ಅಡ್ಡ ಹಲಗೆಯನ್ನೂ ಹಾಕಿಸಿ, ಇಲ್ಲವಾದರೆ ತಟ್ಟೆಗಳು ಒಂದರ ಮೇಲೊಂದು ವಾಲಿ ಮತ್ತೆ ಬಾಗುತ್ತವೆ.